ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಹೊರಟು ಆಸ್ಪತ್ರೆ ಸೇರಿದ ಅಪ್ಪ: ವಾಪಸು ಪ್ರಯಾಣ, ಐ-94, ವಿಮೆಯ ಬಗ್ಗೆ ಸಲಹೆ ಬೇಕು

ಅರಿಜೋನಾ ಮೈಸೂರಿಗ · ಏಪ್ರಿಲ್ 29, ರಾತ್ರಿ

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯಲ್ಲಿ ಅಪ್ಪನ ಹಾಸಿಗೆಯ ಪಕ್ಕ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹೇಳುವ ಕ್ರಮ ಹಿಂದುಮುಂದಾಗಿದ್ದರೆ ದಯವಿಟ್ಟು ಕ್ಷಮಿಸಿ.

ಅಪ್ಪ (68 ವರ್ಷ) ಮತ್ತು ಅಮ್ಮ ಕಳೆದ ನವೆಂಬರ್ 20ರಂದು ಮೈಸೂರಿನಿಂದ ಅಮೆರಿಕಕ್ಕೆ ಬಂದರು. ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಕ್ಕನ ಬಾಣಂತನ ಮುಗಿಸಿಕೊಂಡು, ಏಪ್ರಿಲ್ 22ರಂದು ಐದೂವರೆ ಗಂಟೆಯ ವಿಮಾನ ಪ್ರಯಾಣ ಮಾಡಿ ಫೀನಿಕ್ಸ್ ಬಳಿಯ ನಮ್ಮ ಮನೆಗೆ ಬಂದರು. ಊರಿಗೆ ಮರಳುವ ಮುನ್ನ ಅವರಿಗೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. 26ರಂದು ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿದಾಗಲೂ ಅಪ್ಪ ಕೆಳಗಿಳಿಯಲಿಲ್ಲ. ಎಡಗಾಲು ಹಿಡಿದುಕೊಂಡಿದೆ, ನೀವು ಕಾಫಿ ಕುಡಿದು ಬನ್ನಿ ಎಂದರು. ಹಿಂದಿನ ಎರಡು ರಾತ್ರಿ ಅಮ್ಮ ಹರಳೆಣ್ಣೆ ಬಿಸಿ ಮಾಡಿ ಆ ಕಾಲನ್ನು ತಿಕ್ಕಿದ್ದರೆಂಬ ಸಂಗತಿ ನನಗೆ ಗೊತ್ತಾದದ್ದು ಆಮೇಲೆ.

27ರ ಬೆಳಿಗ್ಗೆ ಮೇದರ್ ಪಾಯಿಂಟ್ ಎಂಬ ನೋಟದ ಜಾಗಕ್ಕೆ ಹೋದೆವು. ಸಮತಟ್ಟಾದ ದಾರಿ. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಅಪ್ಪ ಒಂದು ಕಲ್ಲಿನ ಮೇಲೆ ಕುಳಿತು ಏದುಸಿರು ಬಿಡತೊಡಗಿದರು. ಆ ಜಾಗ ಸುಮಾರು 7,000 ಅಡಿ ಎತ್ತರದಲ್ಲಿರುವುದರಿಂದ ಹಾಗಾಗುತ್ತಿರಬಹುದೆಂದು ನಾನು ನೀರು ಕುಡಿಸಿ ಸುಮ್ಮನಾದೆ. ಅನುಮಾನ ಬಂದದ್ದು ನನ್ನ ಹೆಂಡತಿಗೆ. ಅವಳು ಬಗ್ಗಿ ಅಪ್ಪನ ಕಾಲುಚೀಲ ಕೆಳಗೆ ಸರಿಸಿದಳು. ಬಲಗಾಲಿನಲ್ಲಿ ಚೀಲದ ಗುರುತು ಗೆರೆಯಷ್ಟೇ ಇತ್ತು. ಎಡಗಾಲಿನಲ್ಲಿ ಮಾತ್ರ ದಾರ ಬಿಗಿದು ಕಟ್ಟಿದಂತೆ ಚರ್ಮ ಒಳಗಿಳಿದಿತ್ತು, ಮೀನಖಂಡ ಹೊಳೆಯುವಂತೆ ಊದಿತ್ತು. ಅವಳೇ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಿದಳು.

ಸಿ.ಟಿ. ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳಲ್ಲಿ ರಕ್ತದ ಹೆಪ್ಪು ಕಂಡುಬಂದಿದೆ. ಪಲ್ಮನರಿ ಎಂಬಾಲಿಸಮ್ ಎಂದರು. ರಕ್ತದ ಹರಿವನ್ನು ನೋಡುವ ಡಾಪ್ಲರ್ ಪರೀಕ್ಷೆಯಲ್ಲಿ ಎಡಗಾಲಿನ ಆಳದ ರಕ್ತನಾಳದಲ್ಲೂ ಹೆಪ್ಪು ಇದೆ. ರಕ್ತ ಹೆಪ್ಪುಗಟ್ಟದಂತೆ ಮೊದಲು ಹೆಪಾರಿನ್ ಕೊಟ್ಟು, ಈಗ ಅದೇ ಕೆಲಸದ ಎಪಿಕ್ಸಾಬಾನ್ ಮಾತ್ರೆ ಆರಂಭಿಸಿದ್ದಾರೆ. ಬಹುಶಃ ಮೇ 1ಕ್ಕೆ ಮನೆಗೆ ಕಳುಹಿಸುತ್ತಾರೆ.

ನನ್ನ ತಲೆನೋವು ದಿನಾಂಕಗಳದ್ದು. ವಿಮಾನದ ಟಿಕೆಟ್ ಮೇ 9ಕ್ಕಿದೆ. ವಿಮೆ ಮೇ 10ಕ್ಕೆ ಮುಗಿಯುತ್ತದೆ. ಮೇ 14ಕ್ಕೆ ಮೈಸೂರಿನಲ್ಲಿ ದೊಡ್ಡಕ್ಕನ ಮಗನ ಉಪನಯನ. ಐ-94, ಅಂದರೆ ಇಲ್ಲಿ ಎಂದಿನವರೆಗೆ ಇರಬಹುದೆಂದು ತೋರಿಸುವ ಪ್ರವೇಶ ದಾಖಲೆ, ಇರುವುದು ಮೇ 19ರವರೆಗೆ. ಅಪ್ಪನದು ಒಂದೇ ಹಟ: "ಮಾತ್ರೆ ಕೊಟ್ಟಿದ್ದಾರಲ್ಲ, ಇನ್ನೇನು? ಒಂಬತ್ತನೇ ತಾರೀಖು ನನ್ನನ್ನು ಹತ್ತಿಸಿಬಿಡು." ಈ ಹಾದಿಯಲ್ಲಿ ನಡೆದುಬಂದವರು ದಯವಿಟ್ಟು ತಿಳಿಸಿ.

ದಾವಣಗೆರೆ ವೈದ್ಯ · ಏಪ್ರಿಲ್ 29, ರಾತ್ರಿ

ನಾನು ಇಲ್ಲಿ ಇಂಟರ್ನಲ್ ಮೆಡಿಸಿನ್ ವೈದ್ಯ. ನಿಮ್ಮ ತಂದೆಯವರ ವರದಿಗಳನ್ನು ನೋಡಿಲ್ಲವಾದ್ದರಿಂದ ಅವರ ವೈದ್ಯರ ಮಾತೇ ಅಂತಿಮ ಎಂದು ಮೊದಲು ಹೇಳಿ, ಸಾಮಾನ್ಯ ಸಂಗತಿಗಳನ್ನು ಮಾತ್ರ ಬರೆಯುತ್ತೇನೆ.

ನಾಲ್ಕು ಗಂಟೆಗೂ ಹೆಚ್ಚು ಕಾಲ ಕಾಲು ಮಡಿಸಿ ಕುಳಿತಾಗ, ಅದು ವಿಮಾನವೇ ಆಗಿರಲಿ, ಕಾರೇ ಆಗಿರಲಿ, ಮೀನಖಂಡದ ಆಳದಲ್ಲಿರುವ ರಕ್ತನಾಳಗಳಲ್ಲಿ ರಕ್ತದ ಹರಿವು ನಿಧಾನವಾಗಿ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಆ ಹೆಪ್ಪಿನ ತುಣುಕು ಕಳಚಿಕೊಂಡು ಹೃದಯದ ಬಲಭಾಗವನ್ನು ಹಾದು ಶ್ವಾಸಕೋಶದ ನಾಳವನ್ನು ಮುಚ್ಚುವುದೇ ನಿಮ್ಮ ತಂದೆಯವರಿಗೆ ಆಗಿರುವ ತೊಂದರೆ. ಒಂದೇ ಕಾಲು ಊದಿ ನೋಯುತ್ತಿದ್ದರೆ ತಿಕ್ಕಬಾರದು, ತೋರಿಸಬೇಕು. ಆದರೆ ಹರಳೆಣ್ಣೆಯ ವಿಷಯವನ್ನು ತಾಯಿಯವರ ಮುಂದೆ ಮತ್ತೆ ಮತ್ತೆ ಎತ್ತಬೇಡಿ. ಅವರು ಪ್ರೀತಿಯಿಂದ ಮಾಡಿದ್ದು. ಹೆಪ್ಪು ಅದಕ್ಕೆ ಮೊದಲೇ ಅಲ್ಲಿತ್ತು.

"ಮಾತ್ರೆ ಕೊಟ್ಟಿದ್ದಾರಲ್ಲ" ಎಂಬುದಕ್ಕೆ ಉತ್ತರ ಹೀಗಿದೆ. ನಾವು ರಕ್ತ ತೆಳುವಾಗಿಸುವ ಮಾತ್ರೆ ಎಂದು ಕರೆಯುವ ಈ ಔಷಧ ಈಗಿರುವ ಹೆಪ್ಪನ್ನು ಕರಗಿಸುವುದಿಲ್ಲ. ಅದು ಬೆಳೆಯದಂತೆ, ಹೊಸದು ಕಟ್ಟದಂತೆ ತಡೆಯುತ್ತದೆ. ಕರಗಿಸುವ ಕೆಲಸವನ್ನು ದೇಹವೇ ವಾರಗಟ್ಟಲೆ ನಿಧಾನವಾಗಿ ಮಾಡಿಕೊಳ್ಳುತ್ತದೆ. ಎಪಿಕ್ಸಾಬಾನ್ ಅನ್ನು ಸಾಮಾನ್ಯವಾಗಿ ಮೊದಲ 7 ದಿನ 10 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, ನಂತರ 5 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, ಕನಿಷ್ಠ ಮೂರು ತಿಂಗಳು ಕೊಡುತ್ತೇವೆ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ ಇರುತ್ತದೆ. ಅಂದರೆ ಅವರು ಕಲ್ಲಿನ ಮೇಲೆ ಕುಳಿತುಬಿಟ್ಟ ಆ ಜಾಗದಲ್ಲೇ ಮತ್ತೆ ಇಪ್ಪತ್ತು ಗಂಟೆಗಳ ಕಾಲ ಕೂರಿಸಿದ ಹಾಗೆ. ಆದ್ದರಿಂದ ಆಮ್ಲಜನಕದ ಮಟ್ಟವನ್ನು ಕುಳಿತಾಗ ಮಾತ್ರವಲ್ಲ, ನಡೆಸಿಯೂ ನೋಡಿ, ಹೃದಯದ ಎಕೋ (ಅಲ್ಟ್ರಾಸೌಂಡ್) ವರದಿಯನ್ನೂ ಗಮನಿಸಿ ವೈದ್ಯರು ಒಪ್ಪಿದ ಮೇಲೆಯೇ ಪ್ರಯಾಣದ ಮಾತು.

ಇನ್ನೊಂದು ವಿಷಯವನ್ನು ಇವತ್ತೇ ಮಾಡಿ. ಊರಿನಿಂದ ತಂದಿರುವ ಮಾತ್ರೆಗಳ ಡಬ್ಬಿಯನ್ನು ತೆರೆದು ನೋಡಿ. ಮೈಕೈ ನೋವಿಗೆಂದು ನಮ್ಮ ಹಿರಿಯರು ತರುವ ಕೊಂಬಿಫ್ಲಾಮಿನಲ್ಲಿ ಐಬುಪ್ರೊಫೆನ್ ಇದೆ. ಡೈಕ್ಲೊಫೆನಾಕ್ ಮಾತ್ರೆಗಳೂ ಇರುತ್ತವೆ. ಎಪಿಕ್ಸಾಬಾನ್ ಜೊತೆಗೆ ಇವನ್ನು ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಅವನ್ನು ಎತ್ತಿಡಿ, ಈಗಾಗಲೇ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ.

ಸಾಗರದ ಮಗಳು · ಏಪ್ರಿಲ್ 30, ಬೆಳಿಗ್ಗೆ

ನಿಮ್ಮ ಬರಹ ಓದಿ ಎರಡು ವರ್ಷದ ಹಿಂದಿನ ನಮ್ಮ ಅಮ್ಮನ ಆಸ್ಪತ್ರೆ ವಾಸ ನೆನಪಾಯಿತು. ದಯವಿಟ್ಟು ಒಂದು ಮಾತನ್ನು ನಡೆಸಿಕೊಡಿ: ವೈದ್ಯರು ಬಂದಾಗ ನೀವೇ ಅನುವಾದಿಸಲು ಹೋಗಬೇಡಿ, ದುಭಾಷಿಯನ್ನು ಕೇಳಿ.

ಅಮ್ಮ ದಾಖಲಾದ ದಿನ ನರ್ಸ್ ಕೇಳಿದ್ದಕ್ಕೆಲ್ಲ ನಾನೇ ಉತ್ತರಿಸುತ್ತಿದ್ದೆ. ಅಮ್ಮ "ಮೆಟ್ಟಿಲು ಹತ್ತಿದರೆ ಆಯಾಸ ಆಗುತ್ತದೆ" ಎಂದರು. ನಾನು 'ಟಯರ್ಡ್' ಎಂದೆ. ನರ್ಸ್ ಅದನ್ನೇ ಬರೆದುಕೊಂಡರು. ಮಧ್ಯಾಹ್ನ ಫೋನಿನ ಮೂಲಕ ಕನ್ನಡದ ದುಭಾಷಿಯೊಬ್ಬರು ಸಿಕ್ಕಾಗ ಅವರು ಕೇಳಿದ ಮೊದಲ ಪ್ರಶ್ನೆಯೇ, "ಅಮ್ಮಾ, ಆಯಾಸ ಅಂದರೆ ಮೈಯಲ್ಲಿ ಶಕ್ತಿ ಇಲ್ಲವೆಂದೋ, ಉಸಿರು ಸಾಲದೆಂದೋ?" ಅಮ್ಮ ಉಸಿರು ಸಾಲುವುದಿಲ್ಲ ಎಂದರು. ಅಲ್ಲಿಂದ ಮುಂದಿನ ಪರೀಕ್ಷೆಗಳ ದಾರಿಯೇ ಬೇರೆಯಾಯಿತು. ಹುಟ್ಟಿದಾಗಿನಿಂದ ಆಡಿದ ಭಾಷೆಯ ಒಂದು ಪದದಲ್ಲಿ ಎರಡು ಅರ್ಥಗಳಿವೆಯೆಂಬುದು ಆ ಗಾಬರಿಯಲ್ಲಿ ನನಗೆ ಹೊಳೆದಿರಲಿಲ್ಲ.

ಒಕ್ಕೂಟ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ಉಚಿತವಾಗಿ ದುಭಾಷಿಯನ್ನು ಒದಗಿಸಬೇಕೆಂದು ಇಲ್ಲಿ ಕಾನೂನೇ ಇದೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಬಂದದ್ದು ಅದು. ಸಂಕೋಚ ಬೇಡ. ಮತ್ತೊಂದು ಲಾಭವೂ ಇದೆ: ಮಕ್ಕಳ ಮುಂದೆ ಹೇಳಲಾರದ್ದನ್ನು ಅಪರಿಚಿತ ಕನ್ನಡದ ದನಿಗೆ ಹಿರಿಯರು ಹೇಳಿಬಿಡುತ್ತಾರೆ. ಎದೆನೋವು ಶುರುವಾಗಿ ಮೂರು ವಾರವಾಗಿತ್ತೆಂದು ಅಮ್ಮ ಬಾಯಿಬಿಟ್ಟದ್ದು ಆ ಫೋನಿಗೆ.

ಕಾಗದಪತ್ರ · ಏಪ್ರಿಲ್ 30, ಮಧ್ಯಾಹ್ನ

ನಾನು ವಕೀಲನಲ್ಲ, ನನ್ನ ಅತ್ತೆ ಸೊಂಟದ ಮೂಳೆ ಮುರಿದುಕೊಂಡಾಗ ಅರ್ಜಿ ಹಾಕಿದ ಅನುಭವದಿಂದ ಬರೆಯುತ್ತಿದ್ದೇನೆ.

ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ವೀಸಾ ಇದೆಯೆಂದು ಅನೇಕರು ನೆಮ್ಮದಿಯಾಗಿರುತ್ತಾರೆ. ಲೆಕ್ಕಕ್ಕೆ ಬರುವುದು ಐ-94ರಲ್ಲಿರುವ ದಿನಾಂಕವೊಂದೇ. ಆ ದಿನಾಂಕಕ್ಕೆ ಮೊದಲು ಐ-539 ಎಂಬ ನಮೂನೆಯಲ್ಲಿ ವಾಸ್ತವ್ಯ ವಿಸ್ತರಣೆಗೆ ಅರ್ಜಿ ಸಲ್ಲಿಸಿದರೆ, ತೀರ್ಮಾನ ಬರುವವರೆಗೆ ಅವರು ಇಲ್ಲಿರುವುದನ್ನು ಅಕ್ರಮ ವಾಸವೆಂದು ಎಣಿಸುವುದಿಲ್ಲ. 45 ದಿನ ಮೊದಲೇ ಸಲ್ಲಿಸಿ ಎಂದು ವಲಸೆ ಇಲಾಖೆ ಹೇಳುತ್ತದೆ. ಆದರೆ ಕಾಯಿಲೆ ಹೇಳಿ ಬರುವುದಿಲ್ಲ, ಕೊನೆಯ ವಾರದಲ್ಲಿ ಸಲ್ಲಿಸಿದ ಅರ್ಜಿಯನ್ನೂ ಸ್ವೀಕರಿಸುತ್ತಾರೆ. 2024ರ ಏಪ್ರಿಲ್ 1ರಿಂದ ಶುಲ್ಕವನ್ನು ಆನ್‌ಲೈನಿನಲ್ಲಿ 420 ಡಾಲರ್, ಅಂಚೆಯಲ್ಲಿ 470 ಡಾಲರ್ ಎಂದು ನಿಗದಿ ಮಾಡಿದ್ದಾರೆ. ಸಲ್ಲಿಸುವ ದಿನ ಮತ್ತೊಮ್ಮೆ ನೋಡಿಕೊಳ್ಳಿ. ನಿಮ್ಮ ತಾಯಿಯವರನ್ನು ತಂದೆಯವರ ಅರ್ಜಿಯಲ್ಲೇ ಸೇರಿಸಬಹುದು, ಇದನ್ನು ಮರೆಯಬೇಡಿ. ರೋಗಿಯ ಗಡಿಬಿಡಿಯಲ್ಲಿ ಜೊತೆಗಿರುವವರ ಐ-94 ಕೂಡ ಅದೇ ದಿನ ಮುಗಿಯುತ್ತದೆ ಎಂಬುದೇ ಮನಸ್ಸಿಗೆ ಬರುವುದಿಲ್ಲ. ನಮ್ಮ ಮಾವನವರ ವಿಷಯದಲ್ಲಿ ಹೀಗೆಯೇ ಆಗುವುದರಲ್ಲಿತ್ತು.

ಅರ್ಜಿಯ ಜೀವಾಳ ವೈದ್ಯರ ಪತ್ರ. "ರೋಗಿ ಚಿಕಿತ್ಸೆಯಲ್ಲಿದ್ದಾರೆ" ಎಂದಷ್ಟೇ ಬರೆಸಿಕೊಳ್ಳಬೇಡಿ. ಕಾಯಿಲೆ ಏನು, ಯಾವ ದಿನ ಆರಂಭವಾಯಿತು, ವಿಮಾನ ಪ್ರಯಾಣ ಏಕೆ ಬೇಡ, ಸುಮಾರು ಯಾವಾಗ ಸಾಧ್ಯವಾದೀತು, ಈ ನಾಲ್ಕೂ ಅದರಲ್ಲಿರಬೇಕು. ಜೊತೆಗೆ ಖರ್ಚು ನೋಡಿಕೊಳ್ಳಲು ನಿಮ್ಮಲ್ಲಿ ಹಣವಿದೆಯೆಂಬ ದಾಖಲೆ, ಹೊಸ ವಾಪಸು ಟಿಕೆಟ್, ಮೈಸೂರಿನ ಮನೆ, ಪಿಂಚಣಿ ಇತ್ಯಾದಿ ಅವರು ಮರಳಿ ಹೋಗುವವರೆಂದು ತೋರಿಸುವ ಕಾಗದಗಳು. ತೀರ್ಮಾನ ಬರಲು ತಿಂಗಳುಗಳೇ ಹಿಡಿಯುವುದರಿಂದ ಬಹುತೇಕರು ಅದಕ್ಕೆ ಮೊದಲೇ ಊರಿಗೆ ಹೊರಟಿರುತ್ತಾರೆ. ರಸೀದಿಯನ್ನೂ ವಾಪಸು ಹೋದ ದಿನದ ಬೋರ್ಡಿಂಗ್ ಪಾಸನ್ನೂ ಜೋಪಾನವಾಗಿಡಿ. ಮುಂದಿನ ಬಾರಿ ಬಂದಾಗ ಕೇಳಬಹುದು.

ಹೊಸಪೇಟೆಯವನು · ಏಪ್ರಿಲ್ 30, ಸಂಜೆ

ನನ್ನದು ಬೇರೆ ಅಭಿಪ್ರಾಯ. ಇಲ್ಲಿ ಒಂದೊಂದು ದಿನಕ್ಕೂ ಆಗುವ ಖರ್ಚು, ಮುಗಿಯುತ್ತಿರುವ ವಿಮೆ, ಅರ್ಜಿಯ ತಾಪತ್ರಯ ಇವನ್ನೆಲ್ಲ ನೋಡಿದರೆ, ವೈದ್ಯರನ್ನು ಕೇಳಿಕೊಂಡು ಒಂಬತ್ತರಂದೇ ಕಳುಹಿಸುವುದು ಮೇಲಲ್ಲವೇ? ಮೈಸೂರಿನಲ್ಲೂ ಒಳ್ಳೆಯ ವೈದ್ಯರಿದ್ದಾರೆ, ಎಪಿಕ್ಸಾಬಾನ್ ಅಲ್ಲಿ ಹಲವು ಕಂಪನಿಗಳದು ಸಿಗುತ್ತದೆ, ಬೆಲೆ ಇಲ್ಲಿಗಿಂತ ಎಷ್ಟೋ ಕಡಿಮೆ. ನನ್ನ ಮಾವ ಆಸ್ಪತ್ರೆಯಿಂದ ಹೊರಬಂದ ವಾರದಲ್ಲೇ ಪ್ರಯಾಣ ಮಾಡಿ ಚೆನ್ನಾಗಿಯೇ ಇದ್ದಾರೆ.

ದಾವಣಗೆರೆ ವೈದ್ಯ · ಏಪ್ರಿಲ್ 30, ರಾತ್ರಿ

ಹೊಸಪೇಟೆಯವರ ಮಾತಿನಲ್ಲಿ ಹುರುಳಿದೆ. ಮೈಸೂರಿನ ಚಿಕಿತ್ಸೆಯ ಬಗ್ಗೆ ನನಗೂ ಪೂರ್ಣ ಭರವಸೆಯಿದೆ. ಕೆಲವು ರೋಗಿಗಳಿಗೆ ಒಂದು ವಾರದಲ್ಲೇ ಅನುಮತಿ ಸಿಗುವುದೂ ಉಂಟು. ನನ್ನ ಆತಂಕ ಊರು ತಲುಪಿದ ಮೇಲಿನದಲ್ಲ, ನಡುದಾರಿಯದು. ಸಾಗರದ ಮೇಲೆ ಉಸಿರಾಟ ಕೆಟ್ಟರೆ ಅಲ್ಲಿ ಸ್ಕ್ಯಾನ್ ಇಲ್ಲ, ತೀವ್ರ ನಿಗಾ ಘಟಕವಿಲ್ಲ. ಮೇ 9ಕ್ಕೆ ಹೋಗಬೇಕೆಂದು ಮೊದಲೇ ತೀರ್ಮಾನಿಸಿಕೊಂಡು ವೈದ್ಯರನ್ನು ಕೇಳಿದರೆ, ನಾವು ಕೇಳುವ ರೀತಿಯೇ ಬದಲಾಗುತ್ತದೆ, "ಹೋಗಬಹುದಲ್ಲವೇ?" ಎನ್ನುತ್ತೇವೆ. "ಅವರ ದೇಹ ಯಾವಾಗ ತಡೆದುಕೊಂಡೀತು?" ಎಂದು ಕೇಳಿ. ಟಿಕೆಟ್ಟಿನ ದಿನಾಂಕವನ್ನು ಆ ಉತ್ತರದ ನಂತರ ನೋಡೋಣ.

ಬಿಲ್ಲು ಬರೆಯುವವಳು · ಮೇ 1, ಬೆಳಿಗ್ಗೆ

ಹನ್ನೊಂದು ವರ್ಷಗಳಿಂದ ಆಸ್ಪತ್ರೆಗಳ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ.

ಮೊದಲು ವಿಮೆ. ಹತ್ತನೇ ತಾರೀಖು ಮುಗಿಯುವ ಮುನ್ನವೇ ಈಗಿರುವ ಅದೇ ಪಾಲಿಸಿಯನ್ನು ವಿಸ್ತರಿಸಲು ಆಗುತ್ತದೆಯೇ ಎಂದು ಕೇಳಿ. ಮುಗಿಯಲು ಬಿಟ್ಟು ಹನ್ನೊಂದರಂದು ಹೊಸ ಪಾಲಿಸಿ ಕೊಂಡರೆ, ಇಂದಿನ ಈ ಹೆಪ್ಪು ಹೊಸ ಪಾಲಿಸಿಯ ಕಣ್ಣಿಗೆ ಮೊದಲೇ ಇದ್ದ ಕಾಯಿಲೆಯಾಗಿಬಿಡುತ್ತದೆ. ನಿಮ್ಮದು ನಿಗದಿತ ಮೊತ್ತ ಮಾತ್ರ ಕೊಡುವ ಪಾಲಿಸಿಯೋ, ಡಿಡಕ್ಟಿಬಲ್ (ಮೊದಲು ನೀವೇ ಕಟ್ಟಬೇಕಾದ ಮೊತ್ತ) ಕಳೆದು ಶೇಕಡಾವಾರು ಭರಿಸುವ ಸಮಗ್ರ ಪಾಲಿಸಿಯೋ ನೋಡಿ. ಮೊದಲನೆಯದಾದರೆ ದಿನದ ಕೋಣೆ ಬಾಡಿಗೆಗೆ ಇಷ್ಟು, ಸ್ಕ್ಯಾನಿಗೆ ಇಷ್ಟು ಎಂದು ಪಟ್ಟಿಯಲ್ಲಿರುವಷ್ಟೇ ಕೊಟ್ಟು ಉಳಿದದ್ದನ್ನು ನಿಮ್ಮ ತಲೆಗೆ ಬಿಡುತ್ತಾರೆ. ಪರಿಹಾರ ಕೊಡುವ ಮೊದಲು ಹಿಂದಿನ ವರ್ಷಗಳ ವೈದ್ಯಕೀಯ ದಾಖಲೆ ಕೇಳುವುದು ವಾಡಿಕೆ. ಮೈಸೂರಿನ ವೈದ್ಯರ ಚೀಟಿಗಳನ್ನು ಮನೆಯವರಿಂದ ಈಗಲೇ ಫೋಟೊ ತೆಗೆಸಿಟ್ಟುಕೊಳ್ಳಿ. ಏನನ್ನೂ ಮುಚ್ಚಿಡಬೇಡಿ, ಏನನ್ನೂ ಊಹಿಸಿ ಹೇಳಬೇಡಿ. "ಕಾಲುನೋವು ಎಂದಿನಿಂದ?" ಎಂಬ ಪ್ರಶ್ನೆಗೆ ಮಗ "ಬಹಳ ದಿನದಿಂದ ಇದ್ದಿರಬೇಕು" ಎಂದ ಒಂದು ಸಾಲು ದಾಖಲೆಗೆ ಸೇರಿ, ತಿಂಗಳುಗಟ್ಟಲೆ ಪತ್ರವ್ಯವಹಾರ ನಡೆದದ್ದನ್ನು ಕಂಡಿದ್ದೇನೆ.

ಇನ್ನು ಬಿಲ್ಲು. ಅದು ಒಂದಲ್ಲ, ಹಲವು ಕಡೆಗಳಿಂದ ಬರುತ್ತದೆ: ಆಸ್ಪತ್ರೆಯದು, ತುರ್ತು ವಿಭಾಗದ ವೈದ್ಯರದು, ಸ್ಕ್ಯಾನ್ ಓದಿದವರದು, ಆಂಬುಲೆನ್ಸಿನದು. ಮೊದಲ ಬಿಲ್ಲನ್ನು ನೋಡಿ ಕುಸಿದು ಹೋಗಬೇಡಿ, ಕೂಡಲೇ ಕ್ರೆಡಿಟ್ ಕಾರ್ಡ್ ಕೊಡಲೂ ಬೇಡಿ. ಪ್ರತಿ ಬಾಬ್ತೂ ಬಿಡಿಬಿಡಿಯಾಗಿರುವ ಬಿಲ್ಲನ್ನು ಕೇಳಿ. ಲಾಭರಹಿತ ಆಸ್ಪತ್ರೆಯಾದರೆ ಆದಾಯ ತೆರಿಗೆ ಕಾನೂನಿನ ಪ್ರಕಾರ ಲಿಖಿತ ಆರ್ಥಿಕ ನೆರವಿನ ನೀತಿ ಅವರಲ್ಲಿರಲೇಬೇಕು. ಬಿಡುಗಡೆಯಾದ ನಂತರದ ಮೊದಲ ಬಿಲ್ಲಿನಿಂದ 240 ದಿನಗಳವರೆಗೆ ಅರ್ಜಿ ತೆಗೆದುಕೊಳ್ಳಬೇಕು. ಸಂದರ್ಶಕರಿಗೂ ಅದು ಸಲ್ಲುತ್ತದೆಯೇ ಎಂಬುದು ಆಯಾ ಆಸ್ಪತ್ರೆಯ ನೀತಿಯನ್ನು ಅವಲಂಬಿಸಿದೆ; ಕೇಳದೆ ಯಾರೂ ತಾವಾಗಿ ಹೇಳುವುದಿಲ್ಲ. ಕಾಗದಕ್ಕೆ ಸಹಿ ಹಾಕುವಾಗ, ನೀವು ರೋಗಿಯ ಪರವಾಗಿ ಸಹಿ ಮಾಡುತ್ತಿದ್ದೀರೋ, ಹಣ ಕಟ್ಟುವ ಹೊಣೆ ಹೊರುತ್ತಿದ್ದೀರೋ ಎಂಬುದನ್ನು ಓದಿಯೇ ಮುಂದುವರಿಯಿರಿ.

ಕುವೆಂಪುನಗರದ ಟೀಚರಮ್ಮ · ಮೇ 1, ಮಧ್ಯಾಹ್ನ

ನಾನು ಮೈಸೂರಿನಲ್ಲಿರುವ ನಿವೃತ್ತ ಶಿಕ್ಷಕಿ. ನಿಮ್ಮ ತಂದೆಯವರ ಕಡೆಯಿಂದ ಮಾತನಾಡುವವರು ಇಲ್ಲಿ ಯಾರೂ ಇಲ್ಲದ್ದರಿಂದ ಬರೆಯುತ್ತಿದ್ದೇನೆ, ಮಗು.

ಮಗಳ ಮನೆಗೆ ಬಂದಿದ್ದಾಗ ನನಗೂ ಮೂತ್ರದ ಸೋಂಕಾಗಿ ಐದು ದಿನ ಜ್ವರ ಮುಚ್ಚಿಟ್ಟಿದ್ದೆ. ನೋವಿಗಿಂತ ದೊಡ್ಡದಾಗಿದ್ದದ್ದು ಭಯ. ಡಾಲರಿನ ಪ್ರತಿ ಸಂಖ್ಯೆಯನ್ನೂ ನಾವು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸುತ್ತೇವೆ. ಅಲ್ಲಿ ಒಂದು ಆಂಬುಲೆನ್ಸ್ ಕರೆಯುವುದೆಂದರೆ ಇಲ್ಲಿನ ಎಷ್ಟು ತಿಂಗಳ ಪಿಂಚಣಿ ಎಂದು ಲೆಕ್ಕ ಹಾಕುತ್ತೇವೆ. ಮಕ್ಕಳು ರಜೆ ಹಾಕಿ, ಹೋಟೆಲು ಕಾದಿರಿಸಿ, ಇಷ್ಟು ದೂರ ಕರೆದುಕೊಂಡು ಬಂದಿರುವಾಗ ನನ್ನೊಬ್ಬಳ ಕಾಲುನೋವಿಗಾಗಿ ಎಲ್ಲರ ಸಂತೋಷ ಕೆಡಬಾರದೆಂದು ತುಟಿ ಬಿಗಿಹಿಡಿಯುತ್ತೇವೆ. ಒಂಬತ್ತರಂದು ಹತ್ತಿಸಿಬಿಡು ಎಂಬ ಅವರ ಮಾತಿನಲ್ಲಿ ಉಪನಯನದ ಆಸೆ ಅರ್ಧವಾದರೆ, ನಿನಗೆ ಹೊರೆಯಾಗುತ್ತಿದ್ದೇನೆಂಬ ಸಂಕಟ ಇನ್ನರ್ಧ.

ಆದ್ದರಿಂದ ಅವರೊಡನೆ ವಾದ ಮಾಡಬೇಡ. ವಿಮೆ ಇದೆ, ಇಷ್ಟು ಕೊಡುತ್ತದೆ, ಉಳಿದದ್ದಕ್ಕೆ ನನ್ನಲ್ಲಿ ದಾರಿಯಿದೆ ಎಂದು ಕಾಗದದ ಮೇಲೆ ಬರೆದು ಅವರ ಕೈಗೆ ಕೊಡು. ಲೆಕ್ಕ ಕಂಡರೆ ನಮ್ಮಂಥವರಿಗೆ ಧೈರ್ಯ ಬರುತ್ತದೆ.

ಅರಿಜೋನಾ ಮೈಸೂರಿಗ · ಜೂನ್ 11

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮುಂದೇನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಮೇ 1ರಂದು ಅಪ್ಪ ಮನೆಗೆ ಬಂದರು. ಅಂದೇ ಸಂಜೆ ಟೀಚರಮ್ಮನವರು ಹೇಳಿದಂತೆ ಒಂದು ಹಾಳೆಯಲ್ಲಿ ಎಲ್ಲ ಲೆಕ್ಕವನ್ನೂ ಕನ್ನಡದಲ್ಲಿ ಬರೆದು ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಬಾರಿ ಓದಿದರು, ಕೂಡಿಸಿದ್ದು ಸರಿಯಿದೆಯೇ ಎಂದು ಪೆನ್ಸಿಲಿನಲ್ಲಿ ತಾಳೆ ನೋಡಿದರು, ಮಡಿಸಿ ಜೇಬಿಗೆ ಹಾಕಿಕೊಂಡರು. ಒಂಬತ್ತನೇ ತಾರೀಖಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಅಮ್ಮನ ಡಬ್ಬಿಯಲ್ಲಿ ಕೊಂಬಿಫ್ಲಾಮ್ ಎರಡು ಪಟ್ಟಿ ಇತ್ತು, ಎತ್ತಿಟ್ಟೆವು.

ವಿಮೆಯನ್ನು ಮೇ 5ರಂದೇ ವಿಸ್ತರಿಸಿದೆ. ಮೇ 8ರಂದು ದುಭಾಷಿಯ ನೆರವಿನಿಂದ ವೈದ್ಯರ ಭೇಟಿಯಾಯಿತು. ಅಪ್ಪ ದುಭಾಷಿಯೊಡನೆ ಅರ್ಧ ಗಂಟೆ ಮಾತನಾಡಿದರು. ಕಾಲುನೋವು ಆರಂಭವಾದದ್ದು ನ್ಯೂಜೆರ್ಸಿಯಿಂದ ಬಂದ ಮರುದಿನವೇ ಎಂದು ನನಗೆ ತಿಳಿದದ್ದು ಆಗಲೇ. ನಾನು ಕೇಳಿದ್ದರೆ ಇವತ್ತಿಗೂ ಉತ್ತರ "ಏನಿಲ್ಲಪ್ಪ" ಎಂದೇ ಇರುತ್ತಿತ್ತು. ವೈದ್ಯರ ಪತ್ರವನ್ನು ಕಾಗದಪತ್ರ ಅವರು ಹೇಳಿದ ನಾಲ್ಕು ಅಂಶಗಳೊಂದಿಗೆ ಬರೆಸಿಕೊಂಡು, ಮೇ 11ರಂದು ಇಬ್ಬರ ಹೆಸರಿನಲ್ಲೂ ಐ-539 ಸಲ್ಲಿಸಿದೆ. ಟಿಕೆಟ್ಟಿನ ದಿನಾಂಕ ಬದಲಿಸಲು ದಂಡ ಬಿಟ್ಟರೂ ದರದ ವ್ಯತ್ಯಾಸ ಕಟ್ಟಬೇಕಾಯಿತು.

ಉಪನಯನವನ್ನು ಮುಂದೂಡಲಿಲ್ಲ, ಅಪ್ಪನೇ ಬೇಡವೆಂದರು. ಇಲ್ಲಿ ರಾತ್ರಿಯಾಗಿದ್ದಾಗ ಅಲ್ಲಿನ ಮುಹೂರ್ತ. ಅಪ್ಪ ಪಂಚೆ ಉಟ್ಟು, ಶಲ್ಯ ಹೊದ್ದು, ಊದಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಫೋನಿನ ಮುಂದೆ ಕುಳಿತಿದ್ದರು. ವಟು ಭಿಕ್ಷೆಗೆ ಬಂದಾಗ ದೊಡ್ಡಕ್ಕ ಫೋನನ್ನು ಅವನ ಪಾತ್ರೆಯ ಹತ್ತಿರ ಹಿಡಿದಳು. ಅಮ್ಮ ಇಲ್ಲಿ ಒಂದು ಹಿಡಿ ಅಕ್ಕಿಯನ್ನು ತೆಗೆದು ಬಟ್ಟಲಿಗೆ ಹಾಕಿದರು. ಆ ಅಕ್ಕಿಯನ್ನು ಗಂಟು ಕಟ್ಟಿ ಊರಿಗೆ ಒಯ್ದಿದ್ದಾರೆ.

ಮೇ 29ರ ಭೇಟಿಯಲ್ಲಿ ನಡೆಸಿ ನೋಡಿ, ಆಮ್ಲಜನಕ ಇಳಿಯದ್ದನ್ನು ಕಂಡು ವೈದ್ಯರು ಅನುಮತಿ ಕೊಟ್ಟರು. ವಿಮಾನ ಸಂಸ್ಥೆ ವೈದ್ಯಕೀಯ ನಮೂನೆಯೊಂದನ್ನು ತುಂಬಿಸಿಕೊಂಡಿತು. ಜೂನ್ 4ರಂದು ಹೊರಟರು: ಹಾದಿಯ ಪಕ್ಕದ ಆಸನ, ಗಾಲಿಕುರ್ಚಿ, ಮೊಣಕಾಲಿನವರೆಗಿನ ಬಿಗಿ ಕಾಲುಚೀಲ. ಗಂಟೆಗೊಮ್ಮೆ ಎಬ್ಬಿಸಿ ನಡೆಸುವ ಜವಾಬ್ದಾರಿಯನ್ನು ಅಮ್ಮ ವಹಿಸಿಕೊಂಡರು. ಮಾತ್ರೆಯ ವೇಳೆ ತಪ್ಪೀತೆಂದು ನಾನು ಕಳವಳಗೊಂಡಿದ್ದೆ, ಆದರೆ ಅರಿಜೋನಾಕ್ಕೂ ಭಾರತಕ್ಕೂ ಇರುವ ಅಂತರ ಹನ್ನೆರಡೂವರೆ ಗಂಟೆ. ಇಲ್ಲಿನ ಬೆಳಿಗ್ಗೆ ಎಂಟು ಅಲ್ಲಿನ ರಾತ್ರಿ ಎಂಟೂವರೆ. ಅಪ್ಪ ಕೈಗಡಿಯಾರದ ಮುಳ್ಳನ್ನು ಅರ್ಧ ಗಂಟೆ ಮಾತ್ರ ತಿರುಗಿಸಿ, ದಿನಕ್ಕೆರಡು ಮಾತ್ರೆಯ ಕ್ರಮವನ್ನು ಹಾಗೆಯೇ ಮುಂದುವರಿಸಿದ್ದಾರೆ. ಮೈಸೂರಿನ ವೈದ್ಯರು ಜುಲೈ ಕೊನೆಗೆ ಮತ್ತೆ ಡಾಪ್ಲರ್ ಮಾಡೋಣ ಎಂದಿದ್ದಾರೆ.

ಬಿಲ್ಲುಗಳಲ್ಲಿ ನಾಲ್ಕು ಬಂದಿವೆ, ಎರಡನ್ನು ವಿಮೆ ಒಪ್ಪಿದೆ, ಆಂಬುಲೆನ್ಸಿನದು ಇನ್ನೂ ತಕರಾರಿನಲ್ಲಿದೆ. ಆಸ್ಪತ್ರೆಯ ಆರ್ಥಿಕ ನೆರವಿನ ನಮೂನೆಯನ್ನು ನಿನ್ನೆ ತರಿಸಿಕೊಂಡೆ. ಅದರ ಮೂರನೇ ಪುಟದಲ್ಲಿ ರೋಗಿಯ ಕುಟುಂಬದ ಆದಾಯ ಎಂದಿದೆ. ಅಲ್ಲಿ ಅಪ್ಪನ ಪಿಂಚಣಿಯನ್ನಷ್ಟೇ ಬರೆಯಬೇಕೋ, ನನ್ನ ಸಂಬಳವನ್ನೂ ಸೇರಿಸಬೇಕೋ? ಬಿಲ್ಲು ಬರೆಯುವವರು ಬಿಡುವಾದಾಗ ದಯವಿಟ್ಟು ತಿಳಿಸಬೇಕು.